ಜೋಲು ಬಿದ್ದ ಸೀರಿ

ಹೋದ ತಿಂಗಳು ಮಗಳು ಬಾಣಂತನಕ್ಕ ವಾಸ್ಕೋಕ್ಕ ನಮ್ಮ ಮನಿಗೆ ಬಂದ್ಲು. ಕೂಸಿಗೆ ಸುತ್ತಾಕ ಮೆತ್ತನ್ನ ಹಳೇ ಅರಿವಿ ಬೇಕು ಅಂತ ಅಂದದ್ದಕ್ಕ ಮಂಚದ ಕೆಳಗಿನ ಟ್ರಂಕು ಎಳದು ತಗದ್ನಿ. ಮೊದಲ ಡಾಂಬರ ಗುಳಿಗಿ ವಾಸನಿ ಮೂಗಿಗೆ ಬಡೀತು. ಅದರ ಹಿಂದ ಔಡಲೆಣ್ಣಿ ವಾಸನಿ, ಒಲಿ ಹೊಗಿ ವಾಸನಿ, ಎಂದೋ ಕೂಸು ಕಕ್ಕಿದ ಹಾಲಿನ ಹುಳಿ ವಾಸನಿ... ತಳದಾಗ ಆ ನೀಲಿ ಸೀರಿ ಇತ್ತು.

ಎರಡೂ ತುದಿ ಹುರಿಗಟ್ಟಿ ಹಗ್ಗ ಆಗಿದ್ವು. ನಡುವ ಮಾತ್ರ ಅರಿವಿ ಹಿಗ್ಗಿ ಜೋಲು ಬಿದ್ದಿತ್ತು. ಎಷ್ಟು ನೆಟ್ಟಗ ಮಡಚಿದ್ರೂ ನಡುವ ಉಬ್ಬಿಕೊಂಡ ನಿಲ್ತಿತ್ತು. "ಇದನ್ನ ಯಾಕ ಇಟ್ಕೊಂಡಿ ಯವ್ವಾ, ಹರದು ಲಂಗೋಟಿ ಮಾಡೂಣು" ಅಂತ ಮಗಳು ಕೈ ಹಾಕಿದ್ಲು. ನಾ ಕಸಗೊಂಡ್ನಿ. ಅಕಿ ಮಾರಿ ಸಣ್ಣದಾತು. ಆ ಸೀರ್ಯಾಗ ತಾನ ಮಲಗಿ ಬೆಳದಾಕಿ ಅಂತ ಅಕಿಗೆ ಹೆಂಗ ನೆನಪಿರಬೇಕು?

ಆವಾಗ ನಾವು ಪಣಜಿ ಮಗ್ಗಲಿನ ಚಿಂಬಲದಾಗ ಇದ್ವಿ. ನನ್ನ ಗಂಡ ಗವಂಡಿ, ನಾ ಅವನ ಹಿಂದ ಬುಟ್ಟಿ ಹೊರಾಕಿ. ಬೆಳಗಾದ್ರ ಸಾಕು, ನಮ್ಮ ಓಣಿಯ ಗಂಡಸ್ರು ಹೆಂಗಸ್ರು ಎಲ್ಲಾರೂ ಪಣಜಿ ನಾಕಾಕ್ಕ ಹೋಗಿ ನಿಲ್ಲೂದು, ಯಾರಾದ್ರೂ ಕರದ್ರ ಅವರ ಹಿಂದ ಟೆಂಪೋ ಹತ್ತೂದು. ಅದಕ್ಕೂ ಮೊದಲ ನಾವು ತಾಯಂದಿರು ಮಾಡೋ ಕೆಲಸ ಒಂದಿತ್ತು. ಮಕ್ಕಳನ್ನ ಎತ್ಕೊಂಡು ಓಣಿ ಕಡೀಕಿನ ತಗಡಿನ ಮನಿಗೆ ಓಡೂದು. ಅಲ್ಲಿ ಆಯಿ ಇರ್ತಿದ್ಲು.

ಅಕಿ ಹೆಸರು ನಾ ಬರಿಯೂದಿಲ್ಲ. ಖರೇ ಹೇಳಬೇಕಂದ್ರ ನಂಗ ಗೊತ್ತೂ ಇಲ್ಲ. ಓಣಿಗೆಲ್ಲಾ ಅಕಿ ಆಯಿ. ಹೊಸದಾಗಿ ಬಂದವ್ರಿಗೆ ಗುರ್ತು ಸಿಗಲಿ ಅಂತ ಜೋಲಿ ಆಯಿ ಅಂತಿದ್ವಿ. ಬಿಜಾಪುರ ಕಡಿಯಾಕಿ. ಗಂಡ ಸತ್ತ ಮ್ಯಾಲ ಮಗನ ಬೆನ್ನು ಹತ್ತಿ ಗೋವಾಕ್ಕ ಬಂದಾಕಿ. ಮಗ ವಾಸ್ಕೋದಾಗ ಬಾಡಿಗಿ ಮೋಟರ್‌ಸೈಕಲ್ ಹೊಡಿತಿದ್ದ, ಇಲ್ಲಿ ಮಂದಿ ಅವ್ರಿಗೆ ಪೈಲಟ್ ಅಂತಾರ. ಅಲ್ಲಿ ಅವಂದು ಒಂದು ಖೋಲಿ, ಅದರಾಗ ಹೆಂಡತಿ ಮಕ್ಕಳು. ನಾ ಅಲ್ಲಿ ಕೈಕಾಲು ಮುದುಡಿ ಕುಂಡ್ರಾಕಿ ಅಲ್ಲ ಅಂತ ಆಯಿ ಚಿಂಬಲದಾಗ ಬ್ಯಾರೇನ ಉಳದಿದ್ಲು.

ಅಕಿ ಮನ್ಯಾಗ ಈ ಗ್ವಾಡಿಯಿಂದ ಆ ಗ್ವಾಡಿಗೆ ಒಂದು ಕಬ್ಬಿಣದ ಪೈಪು. ಅದಕ್ಕ ಸಾಲಾಗಿ ಜೋಲಿ. ಒಂದೊಂದು ಕೂಸಿಗೆ ಅದರ ತಾಯೀದ ಸೀರಿ, ಅದೂ ಉಟ್ಟು ಬಿಟ್ಟದ್ದು, ಸಬಕಾರ ಹಾಕಿ ಒಗೀಲಾರದ್ದು. ತಾಯಿ ಮೈ ವಾಸನಿ ಇದ್ರ ಕೂಸು ಅಳೂದಿಲ್ಲ ಅಂತಿದ್ಲು. ಅಕಿ ಗಂಟು ಹಾಕೂದನ್ನ ನೋಡೂದ ಒಂದು ಚಂದ. ಸೀರಿ ಪೈಪಿನ ಮ್ಯಾಲ ಹಾರಸ್ತಿದ್ಲು, ಎರಡೂ ಕೈ ಹಿಂಗ ಹೋಗಿ ಹಂಗ ಬರ್ತಿದ್ವು, ಮುಗೀತು. ಎಷ್ಟು ಸಲ ಕಣ್ಣು ಕಿತ್ತು ನೋಡಿದ್ರೂ ನಂಗ ಆ ಗಂಟಿನ ಬುಡ ಸಿಗಲಿಲ್ಲ.

ಆಯಿಯ ಬಾಯಾಗ ಒಂದ ಮಾತು ಕಾಯಂ ಇರ್ತಿತ್ತು, ಜೋಲು. ಜೋಲಿ ಕಟ್ಟೋ ಕೆಲಸದಾಗ ಅದು ಬರೂದ ಬರೂದು. ಜೋಲು ಕಮ್ಮಿ ಆದ್ರ ಕೂಸು ಉರುಳಿ ಹೊರಗ ಬೀಳತೈತಿ, ಜಾಸ್ತಿ ಆದ್ರ ಗದ್ದ ಎದಿಗೆ ಹತ್ತಿ ಉಸಿರು ಸಿಗೂದಿಲ್ಲ ಅಂತ ಹೊಸ ತಾಯಂದಿರಿಗೆ ಹೇಳ್ತಿದ್ಲು. ಸರೀ ಬಂತಂದ್ರ "ಜೋಲು ಚಲೋ ಬಿತ್ತು" ಅಂತ ತನಗ ತಾನ ಶಾಬಾಸಕಿ ಕೊಟ್ಕೊಳ್ತಿದ್ಲು. ಆದ್ರ ಅಕಿಗೆ ಅಲ್ಲಿಗೆ ಸಾಕಾಗ್ತಿರಲಿಲ್ಲ, ನೋಡ್ರಿ. ಮಳಿ ನೀರು ತುಂಬಿ ತಾಡಪತ್ರಿ ಇಳೀತಂದ್ರ ಜೋಲು. ಓಣ್ಯಾಗಿನ ಲೈಟಿನ ವಾಯರು ಜೋಲು. ಹಡದ ಮ್ಯಾಲ ನನ್ನ ಹೊಟ್ಟಿ ಜೋಲು, ಅದನ್ನ ಎಲ್ಲಾರ ಮುಂದನ ಹೇಳಿ ನಗಸ್ತಿದ್ಲು. ಕೆಲಸ ಸಿಗದ ನಾಕಾದಿಂದ ವಾಪಸ್ ಬಂದ್ರ "ಯಾಕ ಯವ್ವಾ ಜೋಲು ಮಾರಿ?" ಅಂತಿದ್ಲು. ಮನಿ ಮ್ಯಾಲಿನ ತಗಡಿನ ಪತ್ರಾ ಬದಲಿ ಮಾಡಸ್ತೇನಿ ಅಂತ ಮನಿ ಮಾಲಕ ಹೇಳಿದ್ದ ಮಾತಿಗೆ ನಾವೆಲ್ಲಾ ಜೋತು ಬಿದ್ದೀವಿ, ಅಂವ ಮಾತ್ರ ಆರಾಮ ಅದಾನ ಅಂತ ಬೈತಿದ್ಲು. ಸಂಜೀ ಮುಂದ ಗಂಡಸ್ರು ಫೇಣಿ ಶೆರೆ ಏರಿಸ್ಕೊಂಡು ಜೋಲಿ ಹೊಡಕೋತ ಬಂದ್ರ ಬಾಗಲದಾಗ ನಿಂತು, "ಬಾರೋ ತಮ್ಮಾ, ನಿನಗೂ ಒಂದು ಸೀರಿ ಕಟ್ಟಿ ತೂಗ್ತೀನಿ" ಅಂತ ಕರೀತಿದ್ಲು. ನನ್ನ ಗಂಡನೂ ಅದನ್ನ ಅನಿಸ್ಕೊಂಡಾನ. ಮರುದಿನ ಅಕಿ ಮನಿ ಮುಂದ ತಲಿ ತಗ್ಗಿಸಿ ಹೋಗಿದ್ದ.

ಅಕಿ ಕಿವಿನೂ ಜೋಲು ಬಿದ್ದಿದ್ವು. ಸಣ್ಣಾಕಿ ಇದ್ದಾಗಿಂದ ಭಾರಂದು ಬೆಂಡೋಲಿ ಹಾಕ್ಕೊಂಡು ಹಾಲಿ ಉದ್ದ ಆಗಿ ಬರೇ ತೂತು ಉಳದಿತ್ತು. ಮಕ್ಕಳಿಗೆ ಅದ ಆಟದ ಸಾಮಾನು. ನನ್ನ ಮಗಳಂತೂ ಆ ಕಿವಿ ಹಾಲಿ ಹಿಡಕೊಂಡ್ರನ ನಿದ್ದಿ ಮಾಡ್ತಿದ್ಲು, ನನ್ನ ಹತ್ರ ರಾತ್ರಿ ಮಲಗಿದಾಗ ನನ್ನ ಕಿವಿ ಹಿಡದು, ಇದಲ್ಲ ಅಂತ ಅಳ್ತಿದ್ಲು. ನಂಗ ಹೊಟ್ಟಿಕಿಚ್ಚು ಆಗ್ತಿತ್ತು, ಸುಳ್ಳ್ಯಾಕ ಹೇಳ್ಲಿ.

ಇನ್ನೊಂದು ಪದ್ಧತಿ ಇತ್ತು ಆಯಿದು. ನಮ್ಮ ಕಡೆ ಹೆಸರಿಡೋ ದಿನ ತೊಟ್ಟಲದಾಗ ಕೂಸಿಗಿಂತ ಮೊದಲ ಖಾರಾ ಅರಿಯೋ ಗುಂಡಕಲ್ಲು ಮಲಗಸ್ತಾರ. ಕೂಸು ಕಲ್ಲಿನಂಗ ಗಟ್ಟಿ ಆಗಲಿ ಅಂತ, ಏನರ ಪೀಡಾ ಇದ್ರ ಕಲ್ಲಿಗೆ ಹೋಗಲಿ ಅಂತ. ಆಯಿ ಅದನ್ನ ಹೆಸರಿಡೋ ದಿನಕ್ಕ ಬಿಟ್ಟಿರಲಿಲ್ಲ. ಯಾವ ಸೀರಿ ಹೊಸದಾಗಿ ಕಟ್ಟಿದ್ರೂ ಮೊದಲ ಊರಿಂದ ತಂದ ತನ್ನ ಗುಂಡಕಲ್ಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಜೋಲ್ಯಾಗ ಮಲಗಿಸಿ, ಜೋಗುಳ ಅಂದು ತೂಗ್ತಿದ್ಲು. ಆಮ್ಯಾಲ ಕೂಸು. ನಮಗ ಕೆಲಸಕ್ಕ ಹೊತ್ತಾಗತೈತಿ, ಅಕಿ ಕಲ್ಲಿಗೆ ಹಾಡಕೋತ ನಿಂದರ್ತಾಳ. ಒಳಗ ಕುದೀತಿದ್ವಿ, ಬಾಯಿ ಬಿಡ್ತಿರಲಿಲ್ಲ.

ಅದು ಮಳಿಗಾಲ. ನನ್ನ ಮಗಳ ಹಳೇ ಜೋಲಿ ಹರದಿತ್ತು ಅಂತ ಈ ನೀಲಿ ಸೀರಿ ಕೊಟ್ಟಿದ್ನಿ. ಆಯಿ ಎಂದಿನಂಗ ಹಾರಿಸಿದ್ಲು, ಗಂಟು ಹಾಕಿದ್ಲು, ಕಲ್ಲು ಮಲಗಿಸಿದ್ಲು. ಒಂದ ತೂಗು ತೂಗಿರಬೇಕು, ಗಂಟು ಸರಕ್ಕನ ಬಿಚ್ಚಿ ಕಲ್ಲು ಧಡಲ್ ಅಂತ ನೆಲಕ್ಕ ಬಿತ್ತು. ಕೂಸು ನನ್ನ ಬಗಲಾಗ ಇತ್ತು. ಪುಣ್ಯೇಕ್ಕ ಕಲ್ಲು ಬಿದ್ದದ್ದು ಅಕಿ ಕಾಲಿನ ಮ್ಯಾಲ ಅಲ್ಲ, ಮಗ್ಗಲಕ್ಕ.

ಆಯಿ ಕಟ್ಟಿದ ಗಂಟು ಬಿಚ್ಚಿದ್ದನ್ನ ನಾವ್ಯಾರೂ ಕಂಡಿರಲಿಲ್ಲ. ಅಲ್ಲಿದ್ದ ಹೆಂಗಸ್ರೆಲ್ಲಾ ನನ್ನ ಕೂಸಿನ ಮಾರಿ ನೋಡಿದ್ರು. ಕೂಸಿನ ಗಂಡಾಂತರ ಕಲ್ಲಿಗೆ ಹೋತು ಅಂದ್ರು. ಯಾರದೋ ಕೆಟ್ಟ ಕಣ್ಣು ಬಿದ್ದೈತಿ ಅಂದ್ರು. ನಾ ಕೂಸನ್ನ ಎದಿಗೆ ಅವಚಿಕೊಂಡ್ನಿ. ಒಬ್ಬಾಕಿ ಉಪ್ಪು ಮೆಣಸಿನಕಾಯಿ ತಂದ್ಲು, ಇನ್ನೊಬ್ಬಾಕಿ ಕಸಬರಗಿ. ಆಯಿನೂ "ನಿಂತು ಏನ ನೋಡ್ತೀರಿ, ಮೊದಲ ಕೂಸಿನ ದೃಷ್ಟಿ ತಗೀರಿ" ಅಂದ್ಲು. ತಾನ ಇಳಿಸಿ ಹಾಕಾಕ ಅಂತ ಮೆಣಸಿನಕಾಯಿಗೆ ಬಲಗೈ ಚಾಚಿದ್ಲು. ಕೈ ಮ್ಯಾಲ ಏಳಲಿಲ್ಲ. ಎಡಗೈಲೆ ತಗೊಂಡ್ಲು. ಎದಿ ಝಲ್ ಅಂದು ಕೈ ಜೋಲು ಬಿದ್ದೈತಿ ಅಂತ ಅಕಿನ ಅಂದ್ಲು, ನಾವೂ ಹೌದು ಅಂದ್ವಿ. ಮುಂಜಾನಿ ಎಲ್ಲಾರ ಕಣ್ಣೂ ಕೂಸಿನ ಮ್ಯಾಲನ ಇತ್ತು. ಅಕಿ ಕೈಗೆ ಖರೇ ಏನಾಗೈತಿ ಅನ್ನೂದು ಯಾರಿಗೂ ಹೊಳೀಲಿಲ್ಲ.

ಕಲ್ಲು ಬಿದ್ದ ದಿನ ಕೂಸನ್ನ ಬಿಟ್ಟು ಹೋಗಬಾರದು ಅಂತ ನಾ ಕೆಲಸಕ್ಕ ಹೋಗಲಿಲ್ಲ, ಆಯಿ ಮನ್ಯಾಗ ಕುಂತ್ನಿ. ಮಧ್ಯಾಹ್ನದ ಚಾ ಕೊಟ್ರ ಅದು ಅಕಿ ಬಾಯಿ ಒಂದು ಬದಿಗೆ ಸೋರಿ ಕುಬಸ ತೊಯ್ತು. ಎದುರ ಮನಿ ಆಪಾನ್ನ ಕೂಗಿದ್ನಿ. ಅಕಿ ಗಂಡ ಟೆಂಪೋ ಹೊಡಿತಿದ್ದ. ಆಪಾ ಬಂದು ಆಯಿಯ ಕೈ ಎತ್ತಿ ಬಿಟ್ಟು ನೋಡಿದ್ಲು. ಕೈ ತೊಡಿ ಮ್ಯಾಲ ಹಂಗ ಬಿತ್ತು. "ಇದು ಹೆದರಿಕಿ ಅಲ್ಲವಾ, ಲಕ್ವಾ ಐತಿ. ಟೆಂಪೋ ತರಸ್ತೀನಿ, ದವಾಖಾನಿಗೆ ಒಯ್ಯೂಣು" ಅಂದ್ಲು. ಗುಡ್ಡದ ಮ್ಯಾಲ ದೊಡ್ಡ ಸರಕಾರಿ ದವಾಖಾನಿ, ನಮ್ಮ ಓಣಿಯಿಂದ ಏನ ದೂರ ಇಲ್ಲ. ಮಗನಿಗೆ ಹೇಳದ ಹೆಂಗ ಅಂತ ಫೋನ್ ಮಾಡಿದ್ವಿ. ಸೂಜಿ ಚುಚ್ಚಸಬ್ಯಾಡ್ರಿ, ನಾ ಬರೂತನಕ ಅಲ್ಲಿಂದ ಹಂದಸಬ್ಯಾಡ್ರಿ ಅಂದ.

ಮಳ್ಯಾಗ ತೊಯ್ಸಿಕೊಂಡ ಬಂದ. ಕೆಟ್ಟ ಮಗ ಅಲ್ಲ ರೀ ಅಂವ. ತಾಯಿ ಮಾರಿ ನೋಡಿದವನ ಅವ್ವಾ ಅಂತ ಕುಸದು ಕುಂತ. ಅವನ ಅಪ್ಪಗೂ ಲಕ್ವಾ ಹೊಡದಿತ್ತಂತ, ದವಾಖಾನ್ಯಾಗ ಸೂಜಿ ಮಾಡಿಸಿದ್ರಂತ, ಅಪ್ಪ ಹಾಸಿಗಿಯಿಂದ ಮತ್ತ ಏಳಲಿಲ್ಲಂತ. ಲಕ್ವಾಕ್ಕ ಸೂಜಿ ಆಗೂದಿಲ್ಲ, ಪಾರಿವಾಳದ ರಕ್ತ ತಿಕ್ಕಬೇಕು, ನಮ್ಮೂರ ಕಡೆ ಕೊಡಾವ್ರು ಅದಾರ ಅಂತ ಅಂವ ಆ ನಂಬಿಗಿಗೆ ಜೋತು ಬಿದ್ದಿದ್ದ. ಆಪಾ ಜಗಳಾನ ತಗದ್ಲು. ನಾನೂ ಕೈ ಮುಗದ್ನಿ. ಒಂದ ಸಲ ಡಾಕ್ಟರಿಗೆ ತೋರಿಸಿ ಹೋಗಣ್ಣಾ ಅಂದ್ನಿ.

"ನಿಮಗ ಆಯಿ ಆಗಿರಬಹುದು. ನನಗ ತಾಯಿ" ಅಂದ ಅಂವ.

ಆಯಿಯ ನಾಲಿಗಿ ಅಷ್ಟೊತ್ತಿಗೆ ಹೊಳ್ಳದಂಗ ಆಗಿತ್ತು. ನನ್ನ ಕಡೆ ನೋಡಿದ್ಲು. ಮಗ ಒಯ್ಯಲಿ ಬಿಡ್ರಿ ಅಂತ ನೋಡಿದ್ಲೋ, ಅವನ ಕೈಯಿಂದ ಬಿಡಸ್ರಿ ಅಂತ ನೋಡಿದ್ಲೋ... ಇವತ್ತಿಗೂ ತಿಳಿದಿಲ್ಲ. ಮಗ ಅಕಿನ್ನ ಊರಿಗೆ ಹೋಗೋ ಸಂಜೀ ಬಸ್ಸಿಗೆ ಹತ್ತಿಸಿದ. ನಾ ಛತ್ರಿ ಹಿಡದು ಹೋಗಿದ್ನಿ. ಸೀಟಿನ ಮ್ಯಾಲ ಕುಂಡ್ರಿಸಿದ್ರ ಬಲಗೈ ಜಾರಿ ಮಂದಿ ಓಡಾಡೋ ಜಾಗಾದಾಗ ಜೋಲಾಡ್ತಿತ್ತು. ಕಂಡಕ್ಟರ್ ಅದನ್ನ ಎತ್ತಿ ತೊಡಿ ಮ್ಯಾಲ ಇಟ್ಟ, ಮತ್ತ ಜಾರಿತು. ಮತ್ತ ಇಟ್ಟ. ಬಸ್ಸು ದವಾಖಾನಿ ಮುಂದಿನ ರಸ್ತೇಲೇ ಹೋತು. ಘಾಟಿನ ಬುಡದ ಮೊಲೆಂ ಊರಾಗ ಬಸ್ಸು ಚಾಕ್ಕ ನಿಂತಾಗ ಅವ್ವಗ ಚಮಚದಿಂದ ಕುಡಿಸಿದ್ನಿ, ಘಾಟಿನ ತಿರುವಿನ್ಯಾಗ ಕೈ ಸೀಟಿನ ಕಬ್ಬಿಣಕ್ಕ ಬಡೀಬಾರದು ಅಂತ ಟಾವೆಲ್‌ಲೆ ಕಟ್ಟಿದ್ನಿ ಅಂತ ಮಗ ಆಮ್ಯಾಲ ಹೇಳ್ಕೊಂಡು ಅತ್ತಿದ್ದ.

ಆ ಮಳಿಗಾಲ ನಮ್ಮ ಓಣಿಯ ಮಕ್ಕಳು ತಾಯಂದಿರ ಜೊತಿ ಕೆಲಸದ ಜಾಗಾಕ್ಕ ಬಂದ್ವು. ಸಿಮೆಂಟಿನ ಧೂಳದಾಗ, ಮಳ್ಯಾಗ, ಎಲ್ಲಿ ನೆಳ್ಳು ಸಿಗ್ತೋ ಅಲ್ಲಿ. ನನ್ನ ಗಂಡ ಅಲ್ಲೇ ಎಲ್ಲೆರ ಈ ನೀಲಿ ಸೀರಿ ಕಟ್ಟಿ ಕೊಡ್ತಿದ್ದ, ಮಗಳು ಅದರಾಗ ಮಲಗ್ತಿದ್ಲು. ನಾ ಬುಟ್ಟಿ ಹೊತ್ಕೊಂಡು ಹತ್ತಬೇಕಾದ್ರ ಮಗಳ ಅಳು ಕೇಳಸ್ತಿತ್ತು, ಇಳಿಯಾಕ ಆಗ್ತಿರಲಿಲ್ಲ. ಆಯಿಯ ಕೈ ಯಾವಾಗ ಏಳತೈತಿ ಅಂತ ಎಲ್ಲಾರೂ ದೇವರಿಗೆ ಹರಕಿ ಹೊತ್ತಿದ್ವಿ. ಅಕಿ ಮ್ಯಾಲಿನ ಪ್ರೀತಿಗೂ ಹೌದು, ನಮ್ಮ ಗರಜಿಗೂ ಹೌದು.

ಮಳಿ ನಿಂತ ಮ್ಯಾಲ ಆಯಿ ವಾಪಸ್ ಬಂದ್ಲು. ಮಾತು ತೊದಲಿದ್ರೂ ತಿಳೀತಿತ್ತು. ಬಾಯಿ ಸ್ವಲ್ಪ ಸೊಟ್ಟ, ಅಷ್ಟ. ಕೈ ಮಾತ್ರ ಹಂಗ ಇತ್ತು. "ಪಾಪ, ಎಷ್ಟು ಪಾರಿವಾಳ ಸತ್ವೋ ಏನೋ ಯವ್ವಾ, ನನ್ನ ಕೈ ಏಳಲಿಲ್ಲ" ಅಂತ ತಾನ ನಗ್ಯಾಡಿದ್ಲು. ನಾವೂ ನಕ್ವಿ. ಯಾಕ ನಕ್ವೋ ದೇವರಿಗೇ ಗೊತ್ತು.

ಬರ್ತಾ ಬರ್ತಾ ನಂಗ ಒಂದು ಗೊತ್ತಾತು. ಆಯಿ ಜೋಲು ಅನ್ನೂದನ್ನ ಬಿಟ್ಟಿದ್ಲು. ವಾಯರು ಕೆಳಗ ಬಂದೈತಿ ಅಂತಿದ್ಲು. ತಾಡಪತ್ರಿ ಇಳದೈತಿ ಅಂತಿದ್ಲು. ಆ ಕೈಗೆ "ಇದು" ಅಂತಿದ್ಲು, ಇದನ್ನ ಸ್ವಲ್ಪ ಎತ್ತಿ ಇಡು ಯವ್ವಾ, ಇದಕ್ಕ ಎಣ್ಣಿ ಹಚ್ಚು. ಯಾರೂ ಹೇಳದ ಕೇಳದ ನಮ್ಮ ಓಣಿಯಾಗ ಎಲ್ಲಾರೂ ಆ ಮಾತು ಬಿಟ್ರು. ನನ್ನ ಗಂಡ ಒಮ್ಮೆ ಮರತು ಅಕಿ ಮುಂದ ಹಗ್ಗ ಜೋಲು ಬಿದ್ದೈತಿ ಅಂದವನ ನಾಲಿಗಿ ಕಚ್ಚಿಕೊಂಡ. ಆಯಿ ಕೇಳಸದವರಂಗ ಬಾಗಲದ ಕಡೆ ಮಾರಿ ತಿರುವಿದ್ಲು. ಮಕ್ಕಳಿಲ್ಲದ ಮನ್ಯಾಗ, ಬರೇ ಪೈಪಿನ ಕೆಳಗ ಅಕಿ ಕುಂತಿರೂದನ್ನ ನೋಡಾಕ ಆಗ್ತಿರಲಿಲ್ಲ ನಮಗ.

ಒಂದು ಐತವಾರ ಮುಂಜಾನಿ ನನ್ನನ್ನೂ ಆಪಾನ್ನೂ ಕರಸಿದ್ಲು. ನಿನ್ನ ಸೀರಿ ತಾ, ಕೂಸನ್ನೂ ತಾ ಅಂದ್ಲು. ಮಾರಿ ಮ್ಯಾಲ ಏನೋ ಒಂದು ಕಳೆ ಇತ್ತು. ಬಾಗಲಾ ಹಾಕ್ಕೊಂಡು ಎಷ್ಟು ದಿನದಿಂದ ರೂಢಿ ಮಾಡಿಕೊಂಡಿದ್ಲೋ ಏನೋ. ಎಡಗೈಲೆ ಸೀರಿ ಹಾರಿಸಿದ್ಲು. ಮೊದಲ ಸಲ ಪೈಪು ಮುಟ್ಟಲಿಲ್ಲ. ನಾ ಮುಂದ ಹೋದ್ರ ಕಣ್ಣಿನಿಂದನ ನಿಂದರಿಸಿದ್ಲು. ಆಮ್ಯಾಲ ಬಿತ್ತು. ಒಂದು ತುದಿ ಹಲ್ಲಿನ್ಯಾಗ ಕಚ್ಚಿದ್ಲು, ಇನ್ನೊಂದು ತುದಿ ಎಡಗೈಲೆ ಸುತ್ತಿದ್ಲು, ಕುತ್ತಿಗಿ ಹಿಂದಕ್ಕ ಎಳದು ಬಿಗದ್ಲು, ಮತ್ತ ಬಾಯಿ ಬಿಟ್ಟು ಮತ್ತ ಕಚ್ಚಿದ್ಲು. ಸಾವಕಾಶ, ಭಾಳ ಸಾವಕಾಶ. ಒಂದೊಂದು ಎಳಿ ಎಲ್ಲಿಂದ ಬಂದು ಎಲ್ಲಿಗೆ ಹೋತು ಅನ್ನೂದು ನಂಗ ಪೂರ್ತಿ ಕಾಣಿಸ್ತು. ಸೊಟ್ಟ ಬಾಯಿಯಿಂದ ಜೊಲ್ಲು ಇಳದು ಸೀರಿ ತುದಿ ತೊಯ್ದಿತ್ತು.

ಗುಂಡಕಲ್ಲಿಗೆ ಕುಂಕುಮ ಹಚ್ಚಿ ಮಲಗಿಸಿದ್ಲು. ತೂಗಿದ್ಲು. ಜೋರಾಗಿ ತೂಗಿದ್ಲು. ತಾನ ಎಡಗೈಲೆ ಸೀರಿ ಹಿಡದು ಮೈ ಭಾರ ಎಲ್ಲಾ ಬಿಟ್ಟು ಜೋತು ಬಿದ್ಲು. ಗಂಟು ಹಂದಲಿಲ್ಲ. ಆಪಾ ಮಾಷಾ ಅಲ್ಲಾ ಅಂದು ಸೆರಗಿಲೆ ಕಣ್ಣು ಒರಸ್ಕೊಂಡ್ಲು. ನಂಗ ಆದ ಸಂತೋಷ ಹೇಳಾಕ ಬರೂದಿಲ್ಲ. ಕಲ್ಲು ತಗದು ಮಗಳನ್ನ ಮಲಗಸಾಕ ಬಗ್ಗಿದ್ನಿ. ಮಗಳು ಆಯಿ ಕಿವಿ ಹಾಲಿಗೆ ಕೈ ಚಾಚಿದ್ಲು.

ಆಯಿ ನನ್ನ ಮುಂಗೈ ಹಿಡದ್ಲು.

"ಬ್ಯಾಡ ಯವ್ವಾ. ಕಲ್ಲಿಗೆ ಆತು. ಕೂಸಿಗೆ ಬ್ಯಾಡ."

ಗಟ್ಟಿ ಐತಿ ಆಯಿ, ನೀನ ಜೋತು ಬಿದ್ದು ನೋಡಿದೆಲ್ಲ ಅಂದ್ನಿ. ನಾ ಹೆದರೂದಿಲ್ಲ, ನನ್ನ ಕೂಸು, ನಾ ಹಾಕ್ತೀನಿ ಅಂದ್ನಿ. ಅಳು ಬಂದಿತ್ತು ನಂಗ.

"ಕಟ್ಟಾಕ ಒಂದು ಕೈ ಸಾಕಾಗತೈತಿ. ಜಾರಿದ್ರ ಹಿಡಿಯಾಕ ಎರಡು ಬೇಕು" ಅಂದ್ಲು.

ಆಮ್ಯಾಲ ತಾನ ಕಟ್ಟಿದ ಗಂಟನ್ನ ತಾನ ಹಲ್ಲಿಲೆ ಬಿಚ್ಚಾಕ ನಿಂತ್ಲು. ಕಟ್ಟಾಕ ಹಿಡದದ್ದಕ್ಕಿಂತ ಹೆಚ್ಚು ಹೊತ್ತು ಹಿಡೀತು. ನಾವು ಇಬ್ಬರೂ ಹೆಂಗಸ್ರು, ನಾಕು ಕೈ ಇದ್ದಾವ್ರು, ನೋಡಕೋತ ನಿಂತ್ವಿ. ಸೀರಿ ಮಡಚಿ ನನ್ನ ಕೈಯಾಗ ಇಟ್ಲು. ಅದು ಉಬ್ಬಿಕೊಂಡದ್ದು ನೋಡಿ ಸ್ವಲ್ಪ ನಕ್ಲು.

"ಜೋಲು ಮಾತ್ರ ಚಲೋ ಬಿದ್ದಿತ್ತು. ಹೌದಲ್ಲೋ?"

ಹೌದಾಯಿ ಅಂದ್ನಿ. ಅಷ್ಟ ಅಂದೇನಿ ನಾ.

ಮುಂದಿನ ವಾರ ಮಗ ಬಂದು ಊರಿಗೆ ಕರಕೊಂಡ ಹೋದ. ಬ್ಯಾಗಿನ್ಯಾಗ ಅರಿವಿ ಕಮ್ಮಿ, ಗುಂಡಕಲ್ಲ ಭಾರ. ಅಲ್ಲೇ ತನ್ನ ಅಕ್ಕನ ಹತ್ರ ಬಿಟ್ಟು ಬಂದ್ನಿ ಅಂತ ಆಮ್ಯಾಲ ಹೇಳಿದ. ಅಕಿ ಸತ್ತ ಸುದ್ದಿ ಆಪಾನ ಗಂಡನ ಬಾಯಿಂದ ಬಂತು, ಮಣ್ಣು ಆಗಿ ಎಷ್ಟೋ ದಿನ ಆದ ಮ್ಯಾಲ. ಆಮ್ಯಾಲ ನಾವು ಚಿಂಬಲ ಬಿಟ್ಟು ವಾಸ್ಕೋಕ್ಕ ಬಂದ್ವಿ. ಆಪಾ ಈಗ ಎಲ್ಲಿ ಅದಾಳೋ...

ಮೊನ್ನೆ ಅಳಿಯ ಪ್ಯಾಟಿಯಿಂದ ಸ್ಪ್ರಿಂಗಿನ ತೊಟ್ಟಲ ತಂದ. ಗಂಟು ಬ್ಯಾಡ, ಪೈಪು ಬ್ಯಾಡ, ಒಂದು ಸಲ ಒತ್ತಿದ್ರ ತಾನ ಕುಣೀತೈತಿ. ಚಲೋನ ಐತಿ, ನಾ ಅದಕ್ಕ ಕೊಂಕು ತಗಿಯೂದಿಲ್ಲ. ಆದ್ರೂ ಮನಸ್ಸು ಕೇಳಲಿಲ್ಲ. ಮ್ಯಾಲ ಛಾವಣಿ ಕೊಂಡಿಗೆ ನೀಲಿ ಸೀರಿ ಹಾಕಿ ಜೋಲಿ ಕಟ್ಟಿದ್ನಿ. ಕಟ್ಟೂ ಮುಂದ ಮಗಳು ನಗಾಕ ಹತ್ತಿದ್ಲು. ಎರಡೂ ಕೈ ನೆಟ್ಟಗ ಅದಾವಲ್ಲ ಯವ್ವಾ, ಹಲ್ಲಿಲೆ ಯಾಕ ಕಟ್ಟಾಕತ್ತಿ ಅಂತ ಕೇಳಿದ್ಲು. ಆಯಿಯ ಎರಡು ಕೈಯ ಗಂಟು ನಂಗ ಎಂದೂ ಕಾಣಲೇ ಇಲ್ಲ. ನಾ ಕಲಿತದ್ದು ಇದ ಒಂದ.

ಗುಂಡಕಲ್ಲು ನಮ್ಮ ಮನ್ಯಾಗ ಇಲ್ಲ, ಮಿಕ್ಸರ್ ಐತಿ. ಜ್ವಾಳದ ಗಂಟು ಮಲಗಿಸಿ ತೂಗಿದ್ನಿ. ನಿಂತಿತು. ಜೋಲುನೂ ಸರೀ ಬಿತ್ತು. ಮಗಳು ಕೂಸು ಎತ್ಕೊಂಡ ಬಂದು, ಹಾಕಲೇನು ಅಂತ ಕೇಳಿದ್ಲು. ಹಾಕು ಅನ್ನಾಕ ಬಾಯಿ ಬರಲಿಲ್ಲ. ಬ್ಯಾಡ ಅನ್ನಾಕೂ ಬರಲಿಲ್ಲ. ಅಕಿ ನನ್ನ ಮಾರಿ ನೋಡಿ, ಕೂಸನ್ನ ಸ್ಪ್ರಿಂಗಿನ ತೊಟ್ಟಲಕ್ಕ ಹಾಕಿದ್ಲು.

ಜ್ವಾಳ ಡಬ್ಬಿಗೆ ಸುರುವಿದ್ನಿ. ಸೀರಿ ಮಾತ್ರ ಇನ್ನೂ ಕೊಂಡಿಗೆ ಐತಿ, ಖಾಲಿ, ಜೋಲು ಬಿದ್ಕೊಂಡು. ಬರೂವ್ರು ಹೋಗೂವ್ರು ತಲಿಗೆ ಬಡಿಸ್ಕೊಂಡು ಬೈತಾರ. ಬಿಚ್ಚಬೇಕು. ದಿನಾ ಅದರ ಮುಂದ ಹೋಗಿ ನಿಲ್ತೀನಿ. ಬಿಚ್ಚಾಕ ಕೈ ಬರವಲ್ದು.